ಆ್ಯಪ್ ಆರಿಸಬೇಕಾದವರು ಯಾರು?

ಟ್ಯಾಬ್ ಕೈಗೆ ಬಂದ ಶಿಕ್ಷಕರು ಮೊದಲು ಕೇಳುವುದು, ಒಳ್ಳೆಯ ಆ್ಯಪ್ ಯಾವುದು ಎಂದು. ಪ್ಲೇ ಸ್ಟೋರಿನಲ್ಲಿ ಹುಡುಕಿದರೆ ಪಟ್ಟಿ ಮುಗಿಯುವುದೇ ಇಲ್ಲ. ಅಲ್ಲಿ ನಕ್ಷತ್ರ ಕೊಟ್ಟವರು ಎಂಥ ತರಗತಿಯಲ್ಲಿ, ಎಷ್ಟು ಮಕ್ಕಳ ಮುಂದೆ ಬಳಸಿ ನೋಡಿದರು ಎಂಬುದು ತಿಳಿಯುವುದಿಲ್ಲ. ಹುಡುಕಾಟ ಶುರುವಾಗಬೇಕಾದ್ದು ಪಾಠದಿಂದ, ಅದರಲ್ಲೂ ಕರಿಹಲಗೆ ಕೈಕೊಡುವ ಜಾಗದಿಂದ ಎಂಬುದು ನನ್ನ ವಾದ.

ತ್ರಿಭುಜದ ಮೂರು ಕೋನಗಳ ಮೊತ್ತ 180 ಡಿಗ್ರಿ ಎಂಬ ಪಾಠವನ್ನೇ ತೆಗೆದುಕೊಳ್ಳಿ. ಎರಡು ಮೂರು ತ್ರಿಭುಜ ಬರೆದು ಕೋನಮಾಪಕವಿಟ್ಟು ಅಳೆಯುವಷ್ಟರಲ್ಲಿ ಪಿರಿಯಡ್ ಮುಗಿಯುತ್ತದೆ. ಒಮ್ಮೆ 179, ಇನ್ನೊಮ್ಮೆ 182 ಬಂದು ಮಕ್ಕಳಲ್ಲಿ ಅನುಮಾನ ಉಳಿಯುತ್ತದೆ. ಜಿಯೋಜೀಬ್ರಾ ಎಂಬ ಗಣಿತದ ಆ್ಯಪ್‌ನಲ್ಲಿ ತ್ರಿಭುಜದ ಒಂದು ಶೃಂಗವನ್ನು ಬೆರಳಿನಿಂದ ಎಳೆಯಿರಿ. ತ್ರಿಭುಜ ಸೊಟ್ಟಗಾಗುತ್ತದೆ, ನೀಳವಾಗುತ್ತದೆ, ಕೋನಗಳ ಅಂಕಿಗಳು ಬದಲಾಗುತ್ತಲೇ ಇರುತ್ತವೆ, ಮೊತ್ತ ಮಾತ್ರ ಕದಲುವುದಿಲ್ಲ. ಮಕ್ಕಳ ಕೈಗೆ ಕೊಟ್ಟರೆ ಹೇಗಾದರೂ ಆ ಮೊತ್ತವನ್ನು ಕೆಡಿಸಲು ನೋಡುತ್ತಾರೆ. ಯಾಕೆ ಕೆಡುತ್ತಿಲ್ಲ ಎಂದು ಒಬ್ಬರು ಕೇಳಿದ ಕ್ಷಣವೇ ಟ್ಯಾಬ್ ಕೆಳಗಿಟ್ಟು ಸೀಮೆಸುಣ್ಣ ಹಿಡಿಯಬೇಕು. ಸಾಧನೆಯನ್ನು ಹಂತ ಹಂತವಾಗಿ ಬಿಡಿಸುವುದು ಈಗಲೂ ಶಿಕ್ಷಕರ ಕೆಲಸವೇ. ಬಣ್ಣ ಬಣ್ಣದ ಗೊಂಬೆ ಕುಣಿಸಿ ಮಗ್ಗಿ ಕೇಳುವ ಆ್ಯಪ್‌ನಿಂದ ಇಂಥ ಪ್ರಶ್ನೆ ಹುಟ್ಟುವುದಿಲ್ಲ; ಮಕ್ಕಳು ಒಕ್ಕೊರಲಿನಿಂದ ಹೇಳುತ್ತಿದ್ದದ್ದನ್ನೇ ಅದು ಮತ್ತೆ ಹೇಳಿಸುತ್ತದೆ.

ತರಗತಿಗೆಲ್ಲ ಸೇರಿ ಒಂದೇ ಟ್ಯಾಬ್ ಇರುವಾಗ ಪ್ಲಿಕರ್ಸ್‌ನಂಥ ಆ್ಯಪ್ ಬೆಲೆಬಾಳುತ್ತದೆ. ಮಕ್ಕಳ ಕೈಯಲ್ಲಿ ಮುದ್ರಿತ ಕಾರ್ಡು ಮಾತ್ರ. ತಮ್ಮ ಉತ್ತರದ ಅಕ್ಷರ ಮೇಲೆ ಬರುವಂತೆ ಅದನ್ನು ತಿರುಗಿಸಿ ಹಿಡಿಯುತ್ತಾರೆ, ಶಿಕ್ಷಕರ ಟ್ಯಾಬಿನ ಕ್ಯಾಮೆರಾ ಎಲ್ಲವನ್ನೂ ಓದಿಕೊಳ್ಳುತ್ತದೆ. ಕೈ ಎತ್ತಲು ಹಿಂಜರಿಯುವ ಮಗುವಿನ ಉತ್ತರವೂ ಲೆಕ್ಕಕ್ಕೆ ಬರುತ್ತದೆ. ನೆಟ್‌ವರ್ಕ್ ಸಿಗದ ಊರಿನಲ್ಲಿ, ಮೊದಲೇ ಇಳಿಸಿಟ್ಟುಕೊಳ್ಳಬಹುದಾದದ್ದೇ ಉಪಯೋಗಕ್ಕೆ ಬರುವುದು: ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್‌ನ ಕನ್ನಡ ಕಥೆಗಳು, ಸರ್ಕಾರದ ಕಲಿಕಾ ವೇದಿಕೆ ದೀಕ್ಷಾದಲ್ಲಿರುವ ಪಾಠಗಳು.

ಇದನ್ನೆಲ್ಲ ಆರಿಸುವವರು ಯಾರು? ಶಿಕ್ಷಕರೇ ಆಗಬೇಕು. 1995ರಲ್ಲಿ ಹೆಗ್ಗಡದೇವನಕೋಟೆಯ ಸರ್ಕಾರಿ ಶಾಲೆಗಳ ಶಿಕ್ಷಕರು ಆಂಧ್ರಪ್ರದೇಶದ ರಿಷಿವ್ಯಾಲಿಯ ಗ್ರಾಮೀಣ ಶಾಲೆಗಳನ್ನು ನೋಡಿಬಂದು, ತಾವೇ ಕೂತು ಕಲಿಕಾ ಕಾರ್ಡುಗಳನ್ನು ರೂಪಿಸಿದ್ದರಿಂದ ನಲಿಕಲಿ ಎಂಬ ಚಟುವಟಿಕೆ ಆಧಾರಿತ ಕಲಿಕಾ ಪದ್ಧತಿ ಹುಟ್ಟಿತು. ಪರರ ಪದ್ಧತಿಯನ್ನು ತಮ್ಮ ಮಕ್ಕಳಿಗೆ ಒಗ್ಗಿಸಿಕೊಳ್ಳುವ ಆ ಶಕ್ತಿ ಆ್ಯಪ್ ವಿಷಯದಲ್ಲೂ ನಮ್ಮ ಶಿಕ್ಷಕರಿಗಿದೆ. ಮೇಲಿನಿಂದ ಆದೇಶ ಬಂದು ಇನ್‌ಸ್ಟಾಲ್ ಆದ ಆ್ಯಪ್ ವರದಿ ತುಂಬುವುದಕ್ಕೆ ಸೀಮಿತವಾಗಿಬಿಡುವ ಅಪಾಯ ದೊಡ್ಡದು.

ಕ್ಲಸ್ಟರ್ ಸಮಾಲೋಚನಾ ಸಭೆಯಲ್ಲಿ ಸುತ್ತೋಲೆ ಓದುವ ಸಮಯದಲ್ಲಿ ಅರ್ಧ ಗಂಟೆ ಆ್ಯಪ್ ಆಯ್ಕೆಗೆ ಬಿಟ್ಟುಕೊಡಲಿ. ಒಬ್ಬರು ಒಂದು ಪಾಠ, ಒಂದು ಆ್ಯಪ್ ಹಿಡಿದು ಬರಲಿ. ಎಲ್ಲಿ ನೆರವಾಯಿತು, ಎಲ್ಲಿ ಕೈಕೊಟ್ಟಿತು ಎಂದು ಎರಡನ್ನೂ ಹೇಳಲಿ. ಆ್ಯಪ್ ಮಕ್ಕಳ ಹೆಸರು, ಫೋಟೊ, ಧ್ವನಿ ಕೇಳುತ್ತದೆಯೇ ಎಂದು ಅಲ್ಲೇ ತೆರೆದು ನೋಡಲಿ. 18 ವರ್ಷದೊಳಗಿನವರ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಬೇಕೆಂದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೇ ಹೇಳುತ್ತದೆ. ಬೇಡವೆನಿಸಿದ್ದನ್ನು ಬೇಡ ಎನ್ನುವ ಅಧಿಕಾರವನ್ನೂ ಇಲಾಖೆ ಆ ಸಭೆಗೇ ಕೊಡಬೇಕು.