ದಾರಿ ಬಲ್ಲ ದುರ್ಬೀನು

ಕೆಲವು ವರ್ಷಗಳ ಹಿಂದೆ, ಫೆಬ್ರವರಿಯ ಒಂದು ಸಂಜೆ, ಶಿವಮೊಗ್ಗದ ಒಂದು ಪ್ರೌಢಶಾಲೆಯವರು ನನ್ನನ್ನು ಆಕಾಶ ವೀಕ್ಷಣೆಗೆ ಕರೆದಿದ್ದರು. ಯಾರೋ ಪುಣ್ಯಾತ್ಮರು ಆ ಶಾಲೆಗೆ ಕಂಪ್ಯೂಟರ್ ಅಳವಡಿಸಿದ ದೂರದರ್ಶಕವೊಂದನ್ನು ದಾನ ಕೊಟ್ಟಿದ್ದರು. ಅಂಗಳದ ನಡುವೆ ಅದನ್ನು ನಿಲ್ಲಿಸಿ, ಕುಂಕುಮ ಹಚ್ಚಿ, ಸೇವಂತಿಗೆ ಹಾರ ಹಾಕಿದ್ದರು. ನೂರರಷ್ಟು ಮಕ್ಕಳು ಸಾಲಾಗಿ ನಿಂತಿದ್ದರು. ವಿಜ್ಞಾನದ ಮೇಷ್ಟರು ಅದರ ರಿಮೋಟನ್ನು ಎತ್ತಿ ತೋರಿಸಿ, "ಇದರ ಹೊಟ್ಟೆಯೊಳಗೆ ಸಾವಿರಾರು ಆಕಾಶಕಾಯಗಳ ವಿಳಾಸ ಇದೆ. ನಾವು ಹುಡುಕಬೇಕಾಗಿಲ್ಲ. ಗುಂಡಿ ಒತ್ತಿದರೆ ತಾನೇ ತಿರುಗಿ ತೋರಿಸುತ್ತದೆ" ಎಂದರು. ಮಕ್ಕಳು ಚಪ್ಪಾಳೆ ತಟ್ಟಿದರು.

ಆದರೆ ಆ ಯಂತ್ರದ್ದೊಂದು ಕಟ್ಟಳೆ ಇದೆ. ಕೆಲಸಕ್ಕೆ ಇಳಿಯುವ ಮೊದಲು ಅದು ನಮ್ಮನ್ನೇ ಒಂದು ಪ್ರಶ್ನೆ ಕೇಳುತ್ತದೆ. ಒಂದೆರಡು ನಕ್ಷತ್ರಗಳ ಹೆಸರು ಹೇಳಿ, ಅವನ್ನು ಮಸೂರದ ನಡುವಿಗೆ ನೀನೇ ತಂದುಕೊಡು, ಮಿಕ್ಕಿದ್ದನ್ನು ನನಗೆ ಬಿಡು ಎನ್ನುತ್ತದೆ. ಅಂದು ಅದು ಪ್ರೊಸಿಯಾನ್ ನಕ್ಷತ್ರವನ್ನು ಕೇಳಿತು. ಮೇಷ್ಟರು ಹಿಡಿದುಕೊಟ್ಟದ್ದು ಪುನರ್ವಸುವಿನ ಪೊಲಕ್ಸನ್ನು. ಮೊದಲ ಸಲ ಯಂತ್ರ ಒಪ್ಪಲಿಲ್ಲ. ಮೂರನೆಯ ಸಲ ಹೇಗೋ ಒಪ್ಪಿತು. ಮಹಾವ್ಯಾಧನ ನೀಹಾರಿಕೆಯನ್ನು ತೋರಿಸು ಎಂದು ಗುಂಡಿ ಒತ್ತಿದರೆ ಗರಗರನೆ ತಿರುಗಿ ಹೆಡ್ಮಾಸ್ತರ ಕೋಣೆಯ ಹಿಂದಿನ ತೆಂಗಿನಮರಕ್ಕೆ ಮುಖಮಾಡಿ ನಿಂತಿತು. ಹೀಗೆ ನಲವತ್ತು ನಿಮಿಷ ಹೋಯಿತು. ಮಕ್ಕಳು ಒಬ್ಬೊಬ್ಬರಾಗಿ ನೆಲಕ್ಕೆ ಕೂತರು.

ತಪ್ಪು ಎಲ್ಲಿದೆಯೆಂದು ನನಗೆ ಮೊದಲ ಐದು ನಿಮಿಷದಲ್ಲೇ ಗೊತ್ತಾಗಿತ್ತು. ಅತಿಥಿಯಾಗಿ ಬಂದವನು ಮೇಷ್ಟರನ್ನು ಮಕ್ಕಳೆದುರು ತಿದ್ದುವುದು ಹೇಗೆಂದು ಸುಮ್ಮನಿದ್ದೆ. ಆ ಸಂಕೋಚಕ್ಕೆ ಈಗಲೂ ನಾಚುತ್ತೇನೆ. ಕೊನೆಗೆ ನನ್ನ ಚೀಲದಿಂದ ಹಳೆಯ ಬೈನಾಕ್ಯುಲರ್ ತೆಗೆದು ಮಕ್ಕಳನ್ನು ಆಚೆ ಬದಿಗೆ ಕರೆದೊಯ್ದೆ. ಮಹಾವ್ಯಾಧನ ಸೊಂಟದಲ್ಲಿ ಸಾಲಾಗಿರುವ ಮೂರು ನಕ್ಷತ್ರಗಳನ್ನು ತೋರಿಸಿ, ಅದರ ಕೆಳಗೆ ಕತ್ತಿಯ ಹಾಗೆ ಇಳಿಬಿದ್ದಿರುವುದನ್ನು ನೋಡಿರಿ ಎಂದೆ. ಸುಮಾರು 1,300 ಜ್ಯೋತಿರ್ವರ್ಷ ದೂರದಲ್ಲಿ ಹೊಸ ನಕ್ಷತ್ರಗಳು ಹುಟ್ಟುತ್ತಿರುವ ಆ ಮಂಜು ಎಲ್ಲರಿಗೂ ಸಿಕ್ಕಿತು. ಎರಡು ಜಡೆಯ ಒಬ್ಬ ಹುಡುಗಿ ಕೇಳಿದಳು: "ಸಾರ್, ಇದು ದಿನಾ ಇಲ್ಲೇ ಇರುತ್ತಾ? ನಮ್ಮನೆ ತಾರಸಿಯಿಂದಲೂ ಕಾಣುತ್ತಾ?"

ಈ ಪ್ರಶ್ನೆ ಗುಂಡಿ ಒತ್ತುವ ಸಾಲಿನಲ್ಲಿ ನಿಂತವರ ಬಾಯಿಂದ ಬರುವುದಿಲ್ಲ. ಅವರ ಪಾಲಿಗೆ ನೀಹಾರಿಕೆ ಇರುವುದು ಯಂತ್ರದೊಳಗೆ. ಯಂತ್ರವನ್ನು ಪೆಟ್ಟಿಗೆಗೆ ಹಾಕಿದರೆ ನೀಹಾರಿಕೆಯೂ ಪೆಟ್ಟಿಗೆಗೆ ಹೋಯಿತು. ನನ್ನ ಜಗಳ ಇರುವುದು ಇಲ್ಲಿಯೇ.

ನಾನು ಹುಟ್ಟಿ ಬೆಳೆದದ್ದು ಭದ್ರಾವತಿಯ ನ್ಯೂಟೌನಿನಲ್ಲಿ. ನಮ್ಮ ತಂದೆ ಕಬ್ಬಿಣದ ಕಾರ್ಖಾನೆಯ ನೌಕರರು. ವಿಶ್ವೇಶ್ವರಯ್ಯನವರ ಕನಸಿನ ಆ ಕಾರ್ಖಾನೆಯಲ್ಲಿ 1923ರಿಂದ ಕಬ್ಬಿಣ ಕರಗುತ್ತಿತ್ತು. ರಾತ್ರಿ ಕಿಟ್ಟ ಸುರಿಯುವಾಗ ಆಕಾಶದ ಒಂದು ಅಂಚು ಕೆಂಪಾಗಿ ಮತ್ತೆ ಆರುತ್ತಿತ್ತು. ಕೆಂಪು ಆರಿದ ಮೇಲೆ ನಕ್ಷತ್ರಗಳು ಮೊದಲಿಗಿಂತ ಹತ್ತಿರ ಬಂದಂತೆ ತೋರುತ್ತಿದ್ದವು. ನಮ್ಮ ಸಾಲಿನ ಕೊನೆಯ ಮನೆಯಲ್ಲಿ ಒಬ್ಬ ಫಿಟ್ಟರ್ ಇದ್ದರು. ಮಕ್ಕಳಿಗೆಲ್ಲ ಫಿಟ್ಟರ್ ಮಾಮ. ಓದಿದ್ದು ಏಳನೆಯ ಕ್ಲಾಸು. ಅವರ ಹತ್ತಿರ ಒಂದು ಬೈನಾಕ್ಯುಲರ್ ಇತ್ತು, ಒಂದು ಮಾಸಿದ ನಕ್ಷತ್ರ ನಕ್ಷೆ ಇತ್ತು. ಟಾರ್ಚಿನ ಗಾಜಿಗೆ ಕೆಂಪು ಕಾಗದ ಅಂಟಿಸಿಕೊಂಡು ಕ್ವಾರ್ಟರ್ಸಿನ ಹಿಂದಿನ ಬಯಲಿಗೆ ಬರುತ್ತಿದ್ದರು.

1986ರ ಏಪ್ರಿಲ್ ಎರಡನೆಯ ವಾರ ನಾನು ಹ್ಯಾಲಿ ಧೂಮಕೇತುವನ್ನು ನೋಡಲೇಬೇಕೆಂದು ಅವರ ಬೆನ್ನು ಬಿದ್ದೆ. ನಡುರಾತ್ರಿ ಎಬ್ಬಿಸಿ ಕರೆದೊಯ್ದರು. ಬೈನಾಕ್ಯುಲರ್ ಕೊಡಲಿಲ್ಲ. ಮೊದಲು ಸಪ್ತರ್ಷಿ ಮಂಡಲದ ಬಾಲವನ್ನು ಬಾಗಿಸಿ ಎಳೆಯಲು ಹೇಳಿದರು. ಸ್ವಾತಿ ಸಿಕ್ಕಿತು. ಅದೇ ಬಾಗಿನಲ್ಲಿ ಇನ್ನೂ ಮುಂದಕ್ಕೆ ಹೋದರೆ ಚಿತ್ತೆ. "ಈಗ ಕೈ ನೀಡಿ ಮುಷ್ಟಿ ಹಿಡಿ. ಒಂದು ಮುಷ್ಟಿ ಅಂದರೆ ಹತ್ತು ಡಿಗ್ರಿ. ಚಿತ್ತೆಯಿಂದ ನೆಟ್ಟಗೆ ಕೆಳಗೆ ಮೂರೂವರೆ ಮುಷ್ಟಿ ಇಳಿ" ಎಂದರು. ಇಳಿದೆ. ಮಬ್ಬಾದ ಒಂದು ಚುಕ್ಕೆ ಕಂಡಿತು. ಆಗ ಬೈನಾಕ್ಯುಲರ್ ಕೊಟ್ಟರು. ದುಂಡಗಿನ ಮಂಜಿನ ಉಂಡೆ! "ಹ್ಯಾಲಿ ಸಿಕ್ಕಿತು" ಎಂದು ಕೂಗಿದೆ. ಮಾಮ ನಗಲಿಲ್ಲ. "ಅದರ ಆಸುಪಾಸಿನಲ್ಲಿ ಅಂಥದೇ ಇನ್ನೊಂದಿದೆಯಾ ನೋಡು. ಎರಡರ ಗುರುತೂ ಇಟ್ಟುಕೊ. ನಾಳೆ ಯಾವುದು ಕದಲಿರುತ್ತದೋ ಅದು ಹ್ಯಾಲಿ" ಎಂದರು.

ಮರುರಾತ್ರಿ ನನ್ನ ಉಂಡೆ ಇದ್ದಲ್ಲೇ ಇತ್ತು. ಇನ್ನೊಂದು ಜಾಗ ಬಿಟ್ಟಿತ್ತು. ನಾನು ಧೂಮಕೇತು ಎಂದು ಕೂಗಿದ್ದು ಒಮೆಗಾ ಸೆಂಟಾರಿ ಎಂಬ ತಾರಾಗುಚ್ಛವನ್ನು. ಸುಮಾರು 17,000 ಜ್ಯೋತಿರ್ವರ್ಷ ಆಚೆ ಕೋಟಿಯಷ್ಟು ನಕ್ಷತ್ರಗಳು ಜೇನುಗೂಡಿನಂತೆ ಮುತ್ತಿಕೊಂಡಿರುವ ಜಾಗ ಅದು. ಫ್ರಾನ್ಸಿನ ಚಾರ್ಲ್ಸ್ ಮೆಸಿಯೇ ಇಂಥದೇ ಮೋಸಕ್ಕೆ ಸಿಕ್ಕಿ ಬೇಸತ್ತು, ಧೂಮಕೇತುವಿನಂತೆ ಕಂಡು ಧೂಮಕೇತುವಲ್ಲದವುಗಳ ಪಟ್ಟಿ ಮಾಡಿದ. 1781ರಲ್ಲಿ ಅಚ್ಚಾದ ಆ ಪಟ್ಟಿಯಲ್ಲಿ 103 ಇದ್ದವು. ಆದರೆ ಇಂಥ ಗುಚ್ಛಗಳಲ್ಲೆಲ್ಲ ದೊಡ್ಡದಾದ ಒಮೆಗಾ ಸೆಂಟಾರಿ ಅದರಲ್ಲಿಲ್ಲ. ಅದು ಪ್ಯಾರಿಸ್ಸಿನ ದಿಗಂತದ ಮೇಲೆ ಏಳುವುದೇ ಇಲ್ಲ. ಭದ್ರಾವತಿಯ ಬಯಲಿನಲ್ಲಿ ಸುಮಾರು ಮೂರು ಮುಷ್ಟಿ ಎತ್ತರಕ್ಕೆ ಬರುತ್ತದೆ. ಮೆಸಿಯೇಗೆ ಸಿಗದ್ದು ಫಿಟ್ಟರ್ ಮಾಮನಿಗೆ ದಿನಬಳಕೆಯ ವಸ್ತುವಾಗಿತ್ತು.

ಹೀಗೆ ಗೊತ್ತಿರುವ ನಕ್ಷತ್ರದಿಂದ ಗೊತ್ತಿಲ್ಲದ್ದಕ್ಕೆ ಹೆಜ್ಜೆಹೆಜ್ಜೆಯಾಗಿ ಹೋಗುವುದನ್ನು ಇಂಗ್ಲಿಷಿನವರು ಸ್ಟಾರ್ ಹಾಪಿಂಗ್ ಎನ್ನುತ್ತಾರೆ. ನಮ್ಮ ಹೆಣ್ಣುಮಕ್ಕಳು ಅಂಗಳದಲ್ಲಿ ಆಡುವ ಕುಂಟೆಬಿಲ್ಲೆಯೇ ಅದು. ಮನೆ ತಪ್ಪಿದರೆ ಆಟ ಹೋಯಿತು, ಮತ್ತೆ ಮೊದಲಿನಿಂದ. ಆಂಡ್ರೊಮೆಡಾ ಗೆಲಾಕ್ಸಿಗೆ ಹೋಗಬೇಕಾದರೆ ಉತ್ತರಾಭಾದ್ರೆಯ ಮೂಲೆಯಿಂದ ಹೊರಟು, ಎರಡು ನಕ್ಷತ್ರ ಮುಂದೆ ಹೋಗಿ ಮಿರಾಕಿನಲ್ಲಿ ತಿರುವು ತೆಗೆದುಕೊಂಡು, ಎರಡು ಸಣ್ಣ ನಕ್ಷತ್ರ ಹತ್ತಬೇಕು. ಅಲ್ಲಿಂದ ಕೂದಲೆಳೆಯಷ್ಟು ಪಕ್ಕಕ್ಕೆ, 25 ಲಕ್ಷ ಜ್ಯೋತಿರ್ವರ್ಷ ಹಿಂದಿನ ಬೆಳಕು. ಆ ಅಲೆದಾಟದಲ್ಲಿ ತಪ್ಪಿ ಸಿಕ್ಕಿದ ಜೋಡಿ ನಕ್ಷತ್ರಗಳೆಷ್ಟೋ. ಅವು ಯಾವ ಪಟ್ಟಿಯಲ್ಲೂ ನಾನು ಹುಡುಕಿದವಲ್ಲ.

ಇಷ್ಟು ಹೇಳಿದ ಮೇಲೆ ನನ್ನ ಪಾಪವನ್ನೂ ಒಪ್ಪಿಕೊಳ್ಳಬೇಕು. ಕಂಪ್ಯೂಟರ್ ದುರ್ಬೀನನ್ನು ನಾನೂ ಕೊಂಡಿದ್ದೆ. ಕತ್ತು ನೋವು ಶುರುವಾಗಿತ್ತು, ಕೈಯಲ್ಲಿ ಒಂದಿಷ್ಟು ದುಡ್ಡು ಇತ್ತು. ಮೊದಲ ರಾತ್ರಿ ನಲವತ್ತು ಆಕಾಶಕಾಯಗಳನ್ನು ನೋಡಿದೆ. ಮಾಮನ ಜೊತೆ ನಲವತ್ತನ್ನು ನೋಡಲು ನನಗೆ ಎರಡು ವರ್ಷ ಹಿಡಿದಿತ್ತು! ಮದುವೆಮನೆಯಲ್ಲಿ ಹೊಟ್ಟೆ ಬಿರಿಯುವಂತೆ ಉಂಡವನ ಹಾಗೆ ಮಲಗಿದೆ. ಬೆಳಿಗ್ಗೆ ಎದ್ದು ನೆನಪಿಸಿಕೊಂಡರೆ ಒಂದೂ ಎಲ್ಲಿತ್ತೆಂದು ತಿಳಿಯದು. ಮೂರು ವರ್ಷ ಹಾಗೆಯೇ ನಡೆಯಿತು. ಒಂದು ರಾತ್ರಿ ತುಂಗಾ ಭದ್ರಾ ಸೇರುವ ಕೂಡ್ಲಿಯ ಹೊಳೆದಂಡೆಗೆ ಗೆಳೆಯರನ್ನು ಕರೆದುಕೊಂಡು ಹೋಗಿದ್ದೆ. ಬ್ಯಾಟರಿ ಕೈಕೊಟ್ಟಿತು. ಪರವಾಗಿಲ್ಲ, ಕೈಯಿಂದಲೇ ತೋರಿಸುತ್ತೇನೆ ಎಂದು ಹರ್ಕ್ಯುಲಿಸ್ ಗುಚ್ಛಕ್ಕೆ ಹೊರಟೆ. ದಾರಿ ಮರೆತಿತ್ತು. ಹದಿನೇಳನೆಯ ವಯಸ್ಸಿನಲ್ಲಿ ಕಣ್ಣುಮುಚ್ಚಿ ಹೋಗುತ್ತಿದ್ದ ದಾರಿ. ಫಿಟ್ಟರ್ ಮಾಮ ತೀರಿಕೊಂಡು ಅಷ್ಟರಲ್ಲಿ ಹತ್ತು ವರ್ಷ ಆಗಿತ್ತು. ಅವರು ಕೊಟ್ಟದ್ದನ್ನು ನಾನೇ ಕೈಯಾರೆ ಕಳೆದುಕೊಂಡೆನಲ್ಲ ಎಂದು ಆ ಕತ್ತಲಲ್ಲಿ ಗಂಟಲು ಕಟ್ಟಿತು. ಗೆಳೆಯರಿಗೆ ಬ್ಯಾಟರಿಯ ಮೇಲೆ ತಪ್ಪು ಹೊರಿಸಿದೆ. ಯಂತ್ರ ಈಗ ಅಟ್ಟದ ಮೇಲಿದೆ.

ಇದಕ್ಕೆ ಹೊಸಬರು ಹೇಳುವ ಉತ್ತರಗಳನ್ನು ನಾನು ಕೇಳಿದ್ದೇನೆ. ವಾರವಿಡೀ ದುಡಿದವನಿಗೆ ಸಿಗುವುದು ಒಂದು ರಾತ್ರಿ, ಅದರಲ್ಲೂ ಅರ್ಧ ಹುಡುಕುವುದರಲ್ಲೇ ಹೋಗಬೇಕೇ ಎನ್ನುತ್ತಾರೆ. ಮೀನು ಹಿಡಿಯಲು ಹೋದವನಿಗೆ ಮಾರ್ಕೆಟ್ಟಿನಲ್ಲಿ ಮೀನು ಸಿಗುತ್ತದೆಂದು ಯಾರಾದರೂ ಹೇಳುತ್ತಾರೆಯೇ? ಹವ್ಯಾಸ ಎಂದ ಮೇಲೆ ಹುಡುಕುವುದೇ ಕೆಲಸ. ನೋಡುವುದು ಅದರ ಕೂಲಿ. ವಯಸ್ಸಾದವರಿಗೆ, ಅಂಗವಿಕಲರಿಗೆ ಆ ಯಂತ್ರ ವರ ಎನ್ನುತ್ತಾರೆ. ನಿಜ, ಅವರು ಧಾರಾಳವಾಗಿ ಬಳಸಲಿ, ಅವರೊಡನೆ ನನಗೆ ತಕರಾರಿಲ್ಲ. ವೃತ್ತಿಯ ವಿಜ್ಞಾನಿಗಳ ಜೊತೆಗೂ ಇಲ್ಲ. ರಾತ್ರಿಗೆ ಸಾವಿರಾರು ಗೆಲಾಕ್ಸಿಗಳನ್ನು ಅಳೆಯುವವರು ಮುಷ್ಟಿ ಹಿಡಿದು ಕೂರಲಾಗುವುದಿಲ್ಲ.

ಆದರೆ ವಿಜ್ಞಾನದ ಹೆಸರಿನಲ್ಲಿ ದಾರಿ ಬಲ್ಲವನನ್ನು ಹಳಬ ಎಂದು ಹೀಗಳೆಯುವವರು ಎರಡು ಸಂಗತಿ ತಿಳಿದಿರಲಿ. 1995ರ ಜುಲೈ 23ರ ರಾತ್ರಿ ಅಮೆರಿಕದಲ್ಲಿ ಅಲನ್ ಹೇಲ್, ಥಾಮಸ್ ಬಾಪ್ ಎಂಬಿಬ್ಬರು ಒಬ್ಬರಿಗೊಬ್ಬರು ತಿಳಿಯದೆ ಮೆಸಿಯೇ ಪಟ್ಟಿಯ ಎಪ್ಪತ್ತನೆಯ ಗುಚ್ಛವನ್ನು ನೋಡುತ್ತಿದ್ದರು. ಪಕ್ಕದಲ್ಲಿ ಇರಬಾರದ ಒಂದು ಮಬ್ಬು ಕಂಡಿತು. ಇರಬಾರದ್ದು ಎಂದು ತಿಳಿಯಬೇಕಾದರೆ ಇರುವುದೇನೆಂದು ತಿಳಿದಿರಬೇಕು. ಬಾಪ್ ನೋಡುತ್ತಿದ್ದದ್ದು ಗೆಳೆಯನ ದೂರದರ್ಶಕದಲ್ಲಿ, ಸ್ವಂತದ್ದೊಂದು ಅವನಲ್ಲಿ ಇರಲೇ ಇಲ್ಲ. 1997ರ ಬೇಸಗೆಯಲ್ಲಿ ನಾವೆಲ್ಲ ಮನೆಯಂಗಳದಿಂದ ಬಾಲ ಸಮೇತ ನೋಡಿದ ಹೇಲ್-ಬಾಪ್ ಅದೇ. ಇನ್ನು ಆಸ್ಟ್ರೇಲಿಯಾದ ಪಾದ್ರಿ ರಾಬರ್ಟ್ ಎವಾನ್ಸ್. ನೂರಾರು ಗೆಲಾಕ್ಸಿಗಳ ಸುತ್ತಲಿನ ನಕ್ಷತ್ರಗಳನ್ನು ಆತ ಬಾಯಿಪಾಠ ಮಾಡಿದ್ದ. ಹೊಸ ಚುಕ್ಕೆ ಬಂದರೆ ಅಂಗಳಕ್ಕೆ ಅಪರಿಚಿತ ಬಂದ ಹಾಗೆ ಕಾಣುತ್ತಿತ್ತು. ಬರಿಯ ಕಣ್ಣಿನ ನೆನಪಿನಿಂದ ನಲವತ್ತಕ್ಕೂ ಹೆಚ್ಚು ಸೂಪರ್‌ನೋವಾಗಳನ್ನು ಹಿಡಿದ.

ನಮ್ಮ ದೇಶದಲ್ಲಿ ಈ ಗುಂಡಿಯ ರೋಗ ಹೊಸದೇನಲ್ಲ. ನಮ್ಮ ಹಳೆಯ ಗುಂಡಿ ಪಂಚಾಂಗ. ಮಲೆನಾಡಿನಲ್ಲಿ ಆರಿದ್ರಾ ಮಳೆ, ಮಘೆ ಮಳೆ ಎನ್ನದ ಮನೆಯಿಲ್ಲ. ಆರಿದ್ರಾ ಎಲ್ಲಿದೆ ತೋರಿಸಿ ಎಂದರೆ ನೂರರಲ್ಲಿ ಒಬ್ಬರೂ ಬೆರಳೆತ್ತಲಾರರು. ಜೂನ್ ಕೊನೆಯಲ್ಲಿ ಆರಿದ್ರಾ ಮಳೆ ಹೊಯ್ಯುವಾಗ ಸೂರ್ಯ ಆ ನಕ್ಷತ್ರದ ಕಡೆಗೇ ಇರುತ್ತಾನೆ, ಆದ್ದರಿಂದ ಮೋಡವಿಲ್ಲದಿದ್ದರೂ ಅದು ಕಾಣದು. ಈ ಮಾತು ಎಷ್ಟು ಜನರಿಗೆ ಗೊತ್ತು? ಮಗುವಿನ ಜನ್ಮನಕ್ಷತ್ರ ಬರೆಸಿಟ್ಟಿರುತ್ತೇವೆ, ಅದನ್ನು ಮಗುವಿಗೆ ತೋರಿಸಿರುವುದಿಲ್ಲ. ಆಕಾಶ ನೋಡಿ ಹುಟ್ಟಿದ ಹೆಸರುಗಳು ಪುಸ್ತಕಕ್ಕೆ ಹೋದವು, ಆಕಾಶ ಮರೆತುಹೋಯಿತು. ಈಗ ಅದೇ ಕೆಲಸವನ್ನು ವಿಜ್ಞಾನದ ವೇಷ ಹಾಕಿಕೊಂಡು ಇನ್ನೊಮ್ಮೆ ಮಾಡುತ್ತಿದ್ದೇವೆ.

ಎಲ್ಲಕ್ಕಿಂತ ದೊಡ್ಡ ಭಯ ಬೇರೆಯಿದೆ. ಈಚಿನ ಸ್ಮಾರ್ಟ್ ದೂರದರ್ಶಕಗಳಿಗೆ ಕಣ್ಣಿಡುವ ಮಸೂರವೂ ಇಲ್ಲ. ತಾವೇ ನಕ್ಷತ್ರ ಗುರುತಿಸಿ, ಫೋಟೋದ ಮೇಲೆ ಫೋಟೋ ಪೇರಿಸಿ, ಊರಿನ ದೀಪದ ಬೆಳಕನ್ನು ಕಳೆದು, ಮೊಬೈಲಿಗೆ ಚಿತ್ರ ಕಳಿಸುತ್ತವೆ. ಬೀದಿದೀಪದ ಕೆಳಗೆ ಕೂತು ನೀಹಾರಿಕೆ ನೋಡಬಹುದು. ಇದನ್ನೇ ಅವರು ಗುಣವೆಂದು ಹೊಗಳುತ್ತಾರೆ. ನನಗೆ ಇದೇ ದೋಷವಾಗಿ ಕಾಣುತ್ತದೆ. ಸ್ಮಾರ್ಟ್ ಸಿಟಿಯಾದ ಶಿವಮೊಗ್ಗದ ಬೀದಿಗಳಲ್ಲಿ ಈಗ ಬಿಳಿ ಎಲ್‌ಇಡಿ ಬೆಳಕು ಮೇಲಕ್ಕೂ ಚೆಲ್ಲುತ್ತದೆ. ಎರಡೂ ಊರುಗಳ ನಡುವೆ ಸೋಗಾನೆಯಲ್ಲಿ 2023ರಲ್ಲಿ ವಿಮಾನ ನಿಲ್ದಾಣ ಬಂತು. ಭದ್ರಾವತಿಯಲ್ಲಿ ಆ ಕುಲುಮೆಯ ಕೆಂಪು ಈಗಿಲ್ಲ, ಆದರೂ ನಕ್ಷತ್ರಗಳು ಮೊದಲಿಗಿಂತ ಕಡಿಮೆ. ಕುಲುಮೆ ರಾತ್ರಿಯಲ್ಲಿ ಒಂದಿಷ್ಟು ಹೊತ್ತು ಉರಿದು ಆರುತ್ತಿತ್ತು, ಈ ದೀಪಗಳು ಆರುವುದೇ ಇಲ್ಲ. ಮಿರಾಕಿನ ಮೇಲಿನ ಆ ಎರಡು ಸಣ್ಣ ನಕ್ಷತ್ರಗಳು ನಮ್ಮ ತಾರಸಿಯಿಂದ ಮಾಯವಾಗಿ ವರ್ಷಗಳಾದವು. ಆ ಮೆಟ್ಟಿಲು ಹತ್ತಿ ಗೊತ್ತಿದ್ದವನಿಗೆ ಮೆಟ್ಟಿಲು ಕಿತ್ತದ್ದು ಗೊತ್ತಾಗುತ್ತದೆ. ಅವನು ನಗರಪಾಲಿಕೆಗೆ ಅರ್ಜಿ ಬರೆಯುತ್ತಾನೆ, ದೀಪಕ್ಕೆ ಮೇಲಿನಿಂದ ಮುಚ್ಚಳ ಹಾಕಿ ಎಂದು ಕಾಡುತ್ತಾನೆ. ಮೊಬೈಲಿನಲ್ಲಿ ಚಿತ್ರ ನೋಡುವವನಿಗೆ ಏನು ಕಳೆದಿದೆ, ಅವನು ಯಾಕೆ ಬರೆಯಬೇಕು? ಆಕಾಶ ಪೂರ್ತಿ ಅಳಿಸಿಹೋದ ದಿನವೂ ಅವನ ಚಿತ್ರ ಚೆನ್ನಾಗಿಯೇ ಇರುತ್ತದೆ.

ಆದ್ದರಿಂದ ಶಾಲೆಗಳಿಗೆ ದಾನ ಕೊಡುವವರಲ್ಲಿ ನನ್ನದೊಂದು ಬಿನ್ನಹ. ಕಂಪ್ಯೂಟರ್ ದುರ್ಬೀನು ಕೊಡಬೇಡಿ. ಆ ದುಡ್ಡಿನಲ್ಲಿ ಹತ್ತು ಬೈನಾಕ್ಯುಲರ್, ನೂರು ನಕ್ಷೆ ಬರುತ್ತವೆ. ದೂರದರ್ಶಕವೇ ಬೇಕೆಂದರೆ ಜಾನ್ ಡಾಬ್ಸನ್ ದಾರಿ ಇದೆ. ಕ್ಯಾಲಿಫೋರ್ನಿಯಾದ ವೇದಾಂತ ಸೊಸೈಟಿಯ ಮಠದಲ್ಲಿ ಇಪ್ಪತ್ತಕ್ಕೂ ಹೆಚ್ಚು ವರ್ಷ ಸನ್ಯಾಸಿಯಾಗಿದ್ದ ಆತ, ಗುಜರಿ ಗಾಜನ್ನು ಉಜ್ಜಿ ಕನ್ನಡಿ ಮಾಡಿ, ರಟ್ಟಿನ ಕೊಳವೆಗೆ ಕೂರಿಸಿ, ಮರದ ಪೆಟ್ಟಿಗೆಯ ಮೇಲೆ ಕೈಯಿಂದ ತಿರುಗಿಸುವ ದೂರದರ್ಶಕ ಮಾಡಿದ. ರಸ್ತೆಬದಿಯಲ್ಲಿಟ್ಟು ಹೋಗಿಬರುವವರಿಗೆಲ್ಲ ತೋರಿಸಿದ. ಅಂಥದನ್ನು ನಮ್ಮ ಬಡಗಿಯೂ ಜೋಡಿಸಬಲ್ಲ. ದಾನದ ಯಂತ್ರ ಈಗಾಗಲೇ ಬಂದಿದ್ದರೆ ಬೀರುವಿನಲ್ಲಿ ಇಟ್ಟು, ಇಪ್ಪತ್ತು ನಕ್ಷತ್ರಗಳನ್ನು ಬೆರಳಿಟ್ಟು ತೋರಿಸುವ ಮಕ್ಕಳ ಕೈಗೆ ಮಾತ್ರ ಬೀಗದ ಕೈ ಕೊಡಿ. ಅಂಥ ಮಕ್ಕಳ ಕೈಯಲ್ಲಿ ಅದು ತೆಂಗಿನಮರ ತೋರಿಸುವುದಿಲ್ಲ.

ನಾನು ಕಳೆದ ಕೆಲವು ಬೇಸಗೆಗಳಲ್ಲಿ ದಾರಿಗಳನ್ನು ಮತ್ತೆ ಕಲಿಯುತ್ತಿದ್ದೇನೆ. ಹರ್ಕ್ಯುಲಿಸ್ ಗುಚ್ಛ ಸಿಕ್ಕಿದೆ. ಕೆಲವು ಇನ್ನೂ ಸಿಕ್ಕಿಲ್ಲ. ಮೇ ತಿಂಗಳ ನಡುವೆ, ಮುಂಗಾರಿಗೆ ಮುಂಚಿನ ಮೋಡ ಬಿಡುವು ಕೊಟ್ಟರೆ, ರಾತ್ರಿ ಹತ್ತೂವರೆಯ ಹೊತ್ತಿಗೆ ನೀವೂ ಊರಾಚೆ ಹೋಗಿ ನಿಲ್ಲಿ. ಚಿತ್ತೆಯನ್ನು ಹಿಡಿಯಿರಿ. ಅಲ್ಲಿಂದ ನೆಟ್ಟಗೆ ಕೆಳಗೆ ಮೂರೂವರೆ ಮುಷ್ಟಿ.