ನಾವು ಅವರಲ್ಲ

ಅಕ್ಟೋಬರ್‌ನಲ್ಲಿ ನಾವಿಬ್ಬರೂ ಒಂದು ಮೋಟರ್‌ಹೋಮ್ ಬಾಡಿಗೆಗೆ ಹಿಡಿದು ಮೂರು ವಾರ ಫ್ರಾನ್ಸ್, ಸ್ಪೇನ್ ಸುತ್ತಿ ಬಂದೆವು. ಐಂಡ್‌ಹೋವನ್‌ನಿಂದ ಹೊರಟು, ಬೆಲ್ಜಿಯಂ ದಾಟಿ, ಲ್ವಾರ್ ನದಿಯ ದಂಡೆ ಹಿಡಿದು, ಬೋರ್ಡೋ ಮೇಲೆ ಹಾದು ಸ್ಪೇನಿನ ರಿಯೋಹಾ ತನಕ. ದಾರಿಯುದ್ದಕ್ಕೂ ಇವಳು ಫೋಟೋ ಕಳಿಸುತ್ತಲೇ ಇದ್ದಳು, ಬೆಂಗಳೂರಿನಿಂದ ಉತ್ತರ ಬರುತ್ತಲೇ ಇತ್ತು. "ಲೈಫ್ ಅಂದ್ರೆ ಇದು ಮಗಾ." "ಇಎಂಐ ಇಲ್ಲ, ಟ್ರಾಫಿಕ್ ಇಲ್ಲ, ಬೆಳಗ್ಗೆ ಒಂಬತ್ತರ ಕಾಲ್ ಇಲ್ಲ. ಫ್ರೀಡಮ್ಮು!" ಒಬ್ಬನಂತೂ ಸರ್ಜಾಪುರದ ಫ್ಲ್ಯಾಟ್ ಮಾರಿ ವ್ಯಾನು ಕೊಂಡರೆ ಎಷ್ಟು ವರ್ಷ ಹೀಗೆ ಸುತ್ತಬಹುದು ಅಂತ ಎಕ್ಸೆಲ್‌ನಲ್ಲಿ ಲೆಕ್ಕ ಹಾಕಿ ಕಳಿಸಿದ.

ನನ್ನ ಜಗಳ ಇರೋದು ಈ ಫ್ರೀಡಮ್ ಅನ್ನೋ ಮಾತಿನ ಜತೆ. ಪ್ರವಾಸ ಚೆನ್ನಾಗಿರಲಿಲ್ಲ ಅಂತಲ್ಲ. ತುಂಬಾ ಚೆನ್ನಾಗಿತ್ತು, ಅದನ್ನೂ ಹೇಳ್ತೀನಿ. ಆದರೆ ನಾವು ಅನುಭವಿಸಿದ್ದು ಸ್ವಾತಂತ್ರ್ಯ ಅಂತ ಹೇಳೋಕೆ ನನ್ನ ನಾಲಿಗೆ ಏಳುವುದಿಲ್ಲ. ಅದು ಊರಿನವರು ನಮಗೆ ಕೊಟ್ಟ ಸವಲತ್ತು. ಅದೇ ಊರುಗಳು ಅದನ್ನು ಇನ್ನೊಂದು ಬಗೆಯ ಗಾಡಿಯವರಿಗೆ ಕೊಡುವುದಿಲ್ಲ.

ಮೊದಲು ಗಾಡಿಯ ವಿಷಯ. ಮೂರೂವರೆ ಟನ್ ಒಳಗಿನದ್ದಾದರೆ ಓಡಿಸಲು ಕಾರಿನ ಲೈಸೆನ್ಸೇ ಸಾಕು. ಒಳಗೆ ಹಾಸಿಗೆ, ಒಲೆ, ಫ್ರಿಜ್ಜು, ಮೊಣಕೈ ಆಡಿಸಲೂ ಜಾಗವಿಲ್ಲದ ಬಚ್ಚಲು. ನಮ್ಮದರಲ್ಲಿ ನೂರು ಲೀಟರ್ ನೀರು ಹಿಡಿಯುತ್ತಿತ್ತು. ಇಬ್ಬರು ಸ್ನಾನ ಮಾಡಿ, ಅನ್ನ ಸಾರು ಮಾಡಿ, ಪಾತ್ರೆ ತೊಳೆದರೆ ಎರಡೇ ದಿನಕ್ಕೆ ಖಾಲಿ. ನೀರು ಖಾಲಿಯಾದ ಹಾಗೆ ಕೆಳಗೆ ಕೊಳೆನೀರಿನ ಟ್ಯಾಂಕು ತುಂಬುತ್ತದೆ. ಕಕ್ಕಸಿನ ಡಬ್ಬಿಯನ್ನಂತೂ ಕೈಯಾರೆ ಎಳೆದುಕೊಂಡು ಹೋಗಿ ಸುರಿಯಬೇಕು. ರೀಲುಗಳಲ್ಲಿ ಈ ದೃಶ್ಯ ಬರೋದಿಲ್ಲ. ನಮ್ಮ ಪೈಕಿ ಆ ಕೆಲಸ ಯಾರ ಪಾಲಿಗೆ ಬಂತು ಅಂತ ಬೇರೆ ಹೇಳಬೇಕಿಲ್ಲ. ಹೀಗಾಗಿ ದಿನಾ ಬೆಳಗ್ಗೆ ಯಾವ ಕೋಟೆ ನೋಡೋಣ ಅಂತ ಯೋಚಿಸಿದ್ದು ಕಡಿಮೆ, ನಲ್ಲಿ ಎಲ್ಲಿದೆ, ಚರಂಡಿ ಎಲ್ಲಿದೆ ಅಂತ ಹುಡುಕಿದ್ದೇ ಹೆಚ್ಚು.

ಫ್ರಾನ್ಸಿನಲ್ಲಿ ನಲ್ಲಿ ಸಿಗುತ್ತದೆ. ನಮ್ಮ ಗ್ರಾಮ ಪಂಚಾಯಿತಿಯಷ್ಟೇ ಚಿಕ್ಕ ಕೊಮ್ಯೂನ್‌ಗಳು ಕೂಡ ಮೋಟರ್‌ಹೋಮ್‌ನವರಿಗೆಂದೇ ತಂಗುದಾಣ ಕಟ್ಟಿವೆ. ಒಂದು ಚರ್ಚಿನ ಹಿಂದೆ, ಇನ್ನೊಂದು ಹೊಳೆ ದಂಡೆಯಲ್ಲಿ. ಕೆಲವು ಪುಕ್ಕಟೆ, ಕೆಲವಕ್ಕೆ ರಾತ್ರಿಗೆ ಹತ್ತು ಯೂರೋ ಆಸುಪಾಸು. ಕಂಬದಂಥ ಯಂತ್ರಕ್ಕೆ ಎರಡು ಯೂರೋ ನಾಣ್ಯ ಹಾಕಿದರೆ ಟ್ಯಾಂಕು ತುಂಬುವಷ್ಟು ನೀರು. ಪಕ್ಕದಲ್ಲೇ ಕೊಳೆನೀರು ಬಿಡಲು ಜಾಲರಿ. 'ಫ್ರಾನ್ಸ್ ಪ್ಯಾಸ್ಸಿಯೋಂ' ಅಂತ ಒಂದು ವ್ಯವಸ್ಥೆ ಇದೆ, ಅದಕ್ಕೆ ಸದಸ್ಯರಾದರೆ ದ್ರಾಕ್ಷಿ ಬೆಳೆಯುವವರು, ಚೀಸ್ ಮಾಡುವವರು ತಮ್ಮ ಅಂಗಳದಲ್ಲೇ ಒಂದು ರಾತ್ರಿ ಬಿಟ್ಟಿ ನಿಲ್ಲಲು ಬಿಡುತ್ತಾರೆ. ಅಂಥ ಒಂದು ಅಂಗಳದಲ್ಲಿ ನಾವು ಎದ್ದ ಬೆಳಗು ನನಗೆ ಸಾಯುವವರೆಗೂ ನೆನಪಿರುತ್ತದೆ. ಕೊಯ್ಲು ಮುಗಿದಿತ್ತು. ಹೊಳೆಯ ಮಂಜು ತೋಟದ ತನಕ ಬಂದು ಕೂತಿತ್ತು. ಹುಳಿ ಏರುತ್ತಿರುವ ದ್ರಾಕ್ಷಿರಸದ ವಾಸನೆ, ನಮ್ಮೂರಿನ ಆಲೆಮನೆಯ ವಾಸನೆಗೆ ದೂರದ ನೆಂಟ. ಮನೆಯಾಕೆ ಬಂದು ಒಂದು ಬೊಗಸೆ ವಾಲ್‌ನಟ್ ಕೊಟ್ಟು ಹೋದಳು. ಗಾಡಿಯಲ್ಲಿ ಬಂದವರನ್ನು ಈ ದೇಶದವರು ಎಷ್ಟು ಚೆನ್ನಾಗಿ ನೋಡಿಕೊಳ್ಳುತ್ತಾರಪ್ಪಾ ಅಂತ ಆವತ್ತು ಅಮ್ಮನಿಗೆ ಫೋನ್ ಮಾಡಿ ಹೇಳಿದೆ.

ಎರಡು ದಿನದ ನಂತರ ಸೋಮ್ಯೂರ್ ಹತ್ತಿರದ ಒಂದು ಊರಿಗೆ ಕತ್ತಲಾದ ಮೇಲೆ ತಲುಪಿದೆವು. ತಂಗುದಾಣ ಭರ್ತಿ. ಆಟದ ಮೈದಾನದ ಪಕ್ಕದ ಪಾರ್ಕಿಂಗಿನಲ್ಲಿ ನಿಲ್ಲಿಸಿದೆ. ಹತ್ತು ನಿಮಿಷಕ್ಕೆ ಒಬ್ಬ ಮುದುಕಪ್ಪ, ಜತೆಗೊಂದು ನಾಯಿ, ಬಂದು ಕಿಟಕಿ ಬಡಿದ. ಇಳಿಸಿದೆ. ಟಾರ್ಚಿನ ಬೆಳಕು ನನ್ನ ಮುಖಕ್ಕೆ ಬಿತ್ತು. ನೀವು 'ಜಾಂ ದ್ಯು ವ್ವಯಾಜ್' ತಾನೇ ಅಂತ ಕೇಳಿದ. ಅಕ್ಷರಶಃ ಹೇಳಿದರೆ ಪ್ರಯಾಣದ ಜನ. ನನ್ನ ಅರೆಬೆಂದ ಫ್ರೆಂಚಿಗೆ ಅಷ್ಟು ತಿಳಿಯಿತು. ಖುಷಿಯಾಗಿ "ವುಯ್, ವುಯ್" ಅಂದೆ. ಪ್ರಯಾಣಕ್ಕೇ ಬಂದಿದ್ದಲ್ಲವೇ! ಅವನ ದನಿ ಏರಿತು. ಇಲ್ಲಿ ನಿಮಗೆ ಜಾಗ ಇಲ್ಲ, ನಿಮ್ಮ ಜಾಗ ಊರಾಚೆ, ಕಸದ ಯಾರ್ಡ್ ಹಿಂದೆ, ಈಗಲೇ ಹೊರಡಿ, ಇಲ್ಲದಿದ್ದರೆ ಪೊಲೀಸರನ್ನು ಕರೆಯುತ್ತೇನೆ ಅಂತ ಶುರುಮಾಡಿದ. ಇವಳ ಫ್ರೆಂಚ್ ನನಗಿಂತ ವಾಸಿ. ಹಿಂದಿನಿಂದ ಮೆಲ್ಲಗೆ, "ಲೋ, ನಮ್ಮನ್ನ ಜಿಪ್ಸಿಗಳು ಅನ್ಕೊಂಡಿದಾನೆ" ಅಂದಳು.

ಆಮೇಲೆ ನಾನು ಮಾಡಿದ್ದನ್ನು ಬರೆಯೋಕೆ ನಾಚಿಕೆಯಾಗುತ್ತೆ, ಆದರೂ ಬರೀತೀನಿ. ಬಾಗಿಲು ತೆಗೆದು ಕೆಳಗಿಳಿದೆ. ಗಾಡಿಯ ಮೈಮೇಲೆ ಬಾಡಿಗೆ ಕಂಪನಿಯ ದೊಡ್ಡ ಸ್ಟಿಕ್ಕರ್ ಇತ್ತು, ಅದನ್ನು ಕೈಯಿಂದ ತಟ್ಟಿ ತೋರಿಸಿದೆ. "ನಾವು ಅವರಲ್ಲ. ಟೂರಿಸ್ಟ್. ಹಾಲೆಂಡ್. ಇಂಜಿನಿಯರ್." ಮುದುಕಪ್ಪನ ಮುಖವೇ ಬದಲಾಯಿತು. ಕೈ ಕುಲುಕಿದ. ಆರಾಮಾಗಿ ನಿಲ್ಲಿಸಿಕೊಳ್ಳಿ ಅಂದ. ಭಾನುವಾರ ಯಾವ ಬೇಕರಿ ತೆರೆದಿರುತ್ತದೆ ಅಂತ ಕೂಡ ಹೇಳಿ ಹೋದ.

ಇವಳು ಅನ್ನ ಬಡಿಸುತ್ತಾ ಕೇಳಿದಳು: "ಟೂರಿಸ್ಟ್ ಅಂದಿದ್ರೆ ಸಾಕಿತ್ತಲ್ಲ. ಇಂಜಿನಿಯರ್ ಅಂತ ಯಾಕೆ ಹೇಳ್ದೆ?"

ನನ್ನ ಹತ್ತಿರ ಉತ್ತರ ಇರಲಿಲ್ಲ.

ಆ ಊರಲ್ಲಿ ನೀರಿನ ಯಂತ್ರವೂ ಕೆಟ್ಟಿತ್ತು. ಬೆಳಗ್ಗೆ ಟ್ಯಾಂಕು ಖಾಲಿ. ಇವಳ ಹಟಕ್ಕೆ ಮುದುಕಪ್ಪ ಹೇಳಿದ ಕಡೆಗೇ ಹೋದೆವು. ಕಸದ ಯಾರ್ಡ್ ದಾಟಿ, ಹೆದ್ದಾರಿ ಸೇತುವೆ ಪಕ್ಕ, ತಂತಿ ಬೇಲಿ ಹಾಕಿದ ಡಾಂಬರಿನ ಬಯಲು. ಒಂದು ಮರ ಇಲ್ಲ. ಹತ್ತು ಹನ್ನೆರಡು ಕ್ಯಾರವಾನ್, ಒಗೆದ ಬಟ್ಟೆ, ಸೈಕಲ್ ಹೊಡೆಯುವ ಮಕ್ಕಳು. ನಡುವಯಸ್ಸಿನ ಹೆಂಗಸೊಬ್ಬಳು ನಮ್ಮ ಕೈಲಿದ್ದ ಖಾಲಿ ಕ್ಯಾನ್ ನೋಡಿ ತನ್ನ ಪೈಪು ಎಳೆದು ಕೊಟ್ಟಳು. ಎಲ್ಲಿಯವರು ಅಂತ ಕೇಳಿದಳು. ಇಂಡಿಯಾ ಅಂದಾಗ ನಕ್ಕು, ಪೈಪಿನ ಕಡೆ ಬೆರಳು ತೋರಿಸಿ "ಪಾನಿ" ಅಂದಳು. ಎಲ್ಲೋ ಹಿಂದಿ ಸಿನಿಮಾದಲ್ಲಿ ಕೇಳಿರಬೇಕು ಅಂದುಕೊಂಡೆ. ಅಲ್ಲ. ಅದು ಅವಳ ಮನೆಮಾತು. (ಇಷ್ಟು ದೂರ ಬಂದು ನಮ್ಮ 'ನೀರು' ಉಪಯೋಗಕ್ಕೆ ಬರದೆ ಹಿಂದಿಯೇ ಗೆದ್ದಿತಲ್ಲ ಅಂತ ಇವಳ ತಮಾಷೆ.) ಆ ಜಾಗದಲ್ಲಿ ಪ್ರತಿ ಕುಟುಂಬವೂ ದಿನದ ಬಾಡಿಗೆ ಕಟ್ಟುತ್ತದೆ, ನೀರು ಕರೆಂಟು ಮೀಟರ್ ಲೆಕ್ಕಕ್ಕೆ ಬೇರೆ. ಅಂದರೆ ಅವಳು ತುಂಬಿಸಿದ್ದು ತನ್ನ ದುಡ್ಡಿನ ನೀರು. ನಾನು ಕೊಡಹೋದ ಎರಡು ಯೂರೋ ತಗೊಳ್ಳಲಿಲ್ಲ.

'ಪ್ರಯಾಣದ ಜನ' ಅನ್ನೋದು ಸರ್ಕಾರಿ ಭಾಷೆಯ ಒಂದು ಚೀಲ. ಅದರೊಳಗೆ ಮಾನೂಷ್, ಜಿತಾಂ, ರೋಮಾ, ಯೇನಿಷ್ ಎಲ್ಲರನ್ನೂ ತುಂಬಿದ್ದಾರೆ. ಬಹುತೇಕ ಎಲ್ಲರೂ ತಲೆಮಾರುಗಳಿಂದ ಫ್ರಾನ್ಸಿನ ಪ್ರಜೆಗಳು. ರೋಮಾನಿ ಭಾಷೆಯ ಬೇರು ಭಾರತದ್ದು ಅನ್ನೋದರ ಬಗ್ಗೆ ಭಾಷಾ ವಿದ್ವಾಂಸರಲ್ಲಿ ಜಗಳವಿಲ್ಲ. ಮಾನೂಷ್ ಅಂದರೆ ಏನು ಅಂತ ಕನ್ನಡ ಬಲ್ಲವರಿಗೆ ಬಿಡಿಸಿ ಹೇಳಬೇಕೇ? ಮನುಷ್ಯ. ಮುದುಕಪ್ಪನಿಗೆ ನಾನು ಬಣ್ಣ ನೋಡಿ ಹಾಗೆ ಕಂಡೆನೋ, ಗಾಡಿ ನೋಡಿ ಕಂಡೆನೋ ಗೊತ್ತಿಲ್ಲ. ನಾವು ಅವರಲ್ಲ ಅಂತ ಸಾಬೀತು ಮಾಡಲು ನನಗೆ ಅರ್ಧ ನಿಮಿಷವೂ ಹಿಡಿಯಲಿಲ್ಲ.

ಕಾನೂನು ಏನು ಹೇಳುತ್ತೆ ನೋಡಿ. 2000ನೇ ಇಸವಿಯ ಜುಲೈ 5ರ ಕಾಯ್ದೆ ಪ್ರಕಾರ 5,000ಕ್ಕಿಂತ ಹೆಚ್ಚು ಜನರಿರುವ ಕೊಮ್ಯೂನ್‌ಗಳು ಇವರಿಗೆ ತಂಗಲು ಜಾಗ ಒದಗಿಸುವುದರಲ್ಲಿ ಪಾಲು ಹೊರಲೇಬೇಕು. ಒದಗಿಸದ ಊರುಗಳು ಇನ್ನೂ ಇವೆ. ಒದಗಿಸಿದವರು ಎಲ್ಲಿ ಒದಗಿಸಿದರು? ವಿಲಿಯಂ ಆಕರ್ ಅನ್ನುವ ಕಾನೂನು ತಜ್ಞ, ತಾನೂ ಅದೇ ಸಮುದಾಯದವನು, ದೇಶದ ಈ ಜಾಗಗಳನ್ನೆಲ್ಲ ಒಂದೊಂದಾಗಿ ಪಟ್ಟಿ ಮಾಡಿ 2021ರಲ್ಲಿ ಪುಸ್ತಕ ತಂದ. ಹೆಚ್ಚಿನವು ಊರಿನ ಅಂಚಿಗೆ ತಳ್ಳಿದವು, ಕಸದ ಯಾರ್ಡ್, ಹೆದ್ದಾರಿ, ರೈಲು ಹಳಿ, ಕಾರ್ಖಾನೆ ಪಕ್ಕದವು. 2019ರ ಸೆಪ್ಟೆಂಬರ್ 26ರಂದು ರೂವಾನ್ ನಗರದ ರಾಸಾಯನಿಕ ಕಾರ್ಖಾನೆಗೆ ಬೆಂಕಿ ಬಿದ್ದಾಗ ಕೆಲವೇ ನೂರು ಮೀಟರ್ ದೂರದಲ್ಲಿ ಇಂಥದ್ದೇ ಒಂದು ಜಾಗ ಇತ್ತು. ಮನೆಯಿಂದ ಹೊರಗೆ ಬರಬೇಡಿ ಅಂತ ಸುತ್ತಲಿನ ಜನರಿಗೆ ಸೂಚನೆ ಹೋಯಿತು. ಕ್ಯಾರವಾನಿನ ತಗಡಿನ ಗೋಡೆಯೊಳಗೆ ಇರುವವರು ಏನು ಮಾಡಬೇಕು? ಫ್ರಾನ್ಸಿನ ಕಾನೂನಿನಲ್ಲಿ ಕ್ಯಾರವಾನ್ 'ಮನೆ' ಅಲ್ಲವೇ ಅಲ್ಲ, ಆದ್ದರಿಂದ ಮನೆ ಬಾಡಿಗೆಯ ಸರ್ಕಾರಿ ನೆರವೂ ಇಲ್ಲ. ಅನುಮತಿಯಿಲ್ಲದೆ ಗುಂಪಾಗಿ ಬೇರೆಯವರ ಜಾಗದಲ್ಲಿ ಬೀಡುಬಿಟ್ಟರೆ 2018ರಿಂದ ಒಂದು ವರ್ಷದ ತನಕ ಜೈಲು, 7,500 ಯೂರೋ ತನಕ ದಂಡ. ನಾನು ಅನುಮತಿಯಿಲ್ಲದೆ ನಿಲ್ಲಿಸಿದ್ದಕ್ಕೆ ಸಿಕ್ಕಿದ್ದು ಬೇಕರಿಯ ವಿಳಾಸ.

ಸೋಮ್ಯೂರ್‌ನಿಂದ ಸ್ವಲ್ಪ ದಕ್ಷಿಣಕ್ಕೆ ಮೋಂತ್ರೋಯ್-ಬೆಲ್ಲೇ ಅಂತ ಊರು. ಚಂದದ ಕೋಟೆ ಇದೆ, ಎಲ್ಲರೂ ಅದಕ್ಕೆ ಹೋಗುತ್ತಾರೆ. ಊರ ಹೊರಗೆ ರಸ್ತೆ ಪಕ್ಕದ ಹೊಲದಲ್ಲಿ ಒಂದಷ್ಟು ಕಲ್ಲಿನ ಮೆಟ್ಟಿಲುಗಳಿವೆ, ಮೇಲೆ ಕಟ್ಟಡ ಇಲ್ಲ. 1941ರಿಂದ 1945ರ ತನಕ 'ಅಲೆಮಾರಿ'ಗಳನ್ನು ಕೂಡಿಹಾಕಿದ ಫ್ರಾನ್ಸಿನ ಅತಿ ದೊಡ್ಡ ಶಿಬಿರ ಇದ್ದದ್ದು ಅಲ್ಲಿ. ಜರ್ಮನ್ನರು ಮಾಡಿದ್ದು ಅಂತ ತಪ್ಪಿಸಿಕೊಳ್ಳುವ ಹಾಗಿಲ್ಲ. ಅವರು ಬರುವ ಮೊದಲೇ, 1940ರ ಏಪ್ರಿಲ್ 6ರಂದು, ಅಲೆಮಾರಿಗಳ ಓಡಾಟ ನಿಷೇಧಿಸಿದ್ದು ಫ್ರೆಂಚ್ ಗಣರಾಜ್ಯ. 1944ರಲ್ಲಿ ಪ್ಯಾರಿಸ್ ಬಿಡುಗಡೆ ಆಯಿತು, ಇವರಿಗೆ ಆಗಲಿಲ್ಲ. ನಮ್ಮ ದಾರಿಯಲ್ಲೇ ಮುಂದೆ ಸಿಕ್ಕ ಆಂಗುಲೇಮ್‌ನ ಶಿಬಿರದಲ್ಲಿ ಕೊನೆಯವರನ್ನು ಬಿಟ್ಟದ್ದು 1946ರಲ್ಲಿ. ಅಧ್ಯಕ್ಷರೊಬ್ಬರು, ಫ್ರಾಂಸ್ವಾ ಓಲಾಂದ್, ಇಲ್ಲಿಗೆ ಬಂದು ಇದು ಫ್ರಾನ್ಸಿನದ್ದೇ ಹೊಣೆ ಅಂತ ಒಪ್ಪಿಕೊಳ್ಳಲು 2016 ಬರಬೇಕಾಯಿತು.

ಅದಕ್ಕೂ ಹಿಂದೆ, 1912ರ ಕಾನೂನು. ಅಲೆಮಾರಿ ಅನ್ನಿಸಿಕೊಂಡವನ ಕೈಲಿ ಒಂದು ಪುಸ್ತಕ: ಮುಂದಿನಿಂದ ಪಕ್ಕದಿಂದ ತೆಗೆದ ಫೋಟೋ, ಬೆರಳಚ್ಚು, ಮೈಯ ಅಳತೆ. ಊರಿಗೆ ಬಂದಾಗ ಒಂದು ಮುದ್ರೆ, ಹೊರಟಾಗ ಇನ್ನೊಂದು. 1969ರಲ್ಲಿ ಹೆಸರು ಬದಲಾಯಿತು, ಪುಸ್ತಕ ಉಳಿಯಿತು. ಖಾಯಂ ಆದಾಯ ತೋರಿಸಲಾಗದವರು ಮೂರು ತಿಂಗಳಿಗೊಮ್ಮೆ ಮುದ್ರೆ ಹಾಕಿಸಬೇಕು. ಅದನ್ನು ರದ್ದು ಮಾಡಿದ್ದು 2012ರಲ್ಲಿ ಸಂವಿಧಾನ ಮಂಡಳಿ, ಉಳಿದ ಓಡಾಟದ ಕಾಗದಗಳೆಲ್ಲ ಹೋದದ್ದು 2017ರಲ್ಲಿ. ಮೊನ್ನೆ ಮೊನ್ನೆ! ತಮ್ಮದೇ ದೇಶದಲ್ಲಿ ಓಡಾಡಲು ಕಾಗದ ಹಿಡಿಯಬೇಕಿದ್ದವರ ನಾಡಿನಲ್ಲಿ ನಾನು, ಪರದೇಶಿ, ಮೂರು ವಾರ ಓಡಾಡಿದೆ. ಒಬ್ಬ ಪೊಲೀಸನೂ ಪಾಸ್‌ಪೋರ್ಟ್ ಕೇಳಲಿಲ್ಲ.

ಇದನ್ನೆಲ್ಲ ಹೇಳಿದರೆ ಗೆಳೆಯರ ಉತ್ತರ ನನಗೆ ಗೊತ್ತು. "ಅವರು ಗಲೀಜು ಮಾಡ್ತಾರೆ ಗುರೂ, ಅದಕ್ಕೇ." ಐವತ್ತು ಗಾಡಿಗಳು ಒಟ್ಟಿಗೆ ಬಂದು ಊರಿನ ಫುಟ್‌ಬಾಲ್ ಮೈದಾನದಲ್ಲಿ ನಿಂತಾಗ ಸಣ್ಣ ಊರಿನ ಮೇಯರ್ ಕಂಗಾಲಾಗುತ್ತಾನೆ, ಅದು ಸುಳ್ಳಲ್ಲ. ಆದರೆ ಕಾನೂನು ಹೇಳಿದ ಜಾಗವನ್ನು ಕೊಡದ ಊರುಗಳಿರುವ ತನಕ ಅವರು ಎಲ್ಲಿ ನಿಲ್ಲಬೇಕು? ಗಲೀಜಿನ ಮಾತಿಗೆ ಬಂದರೆ, ಮೂರು ವಾರ ಕಕ್ಕಸಿನ ಡಬ್ಬಿ ಹೊತ್ತವನು ಹೇಳ್ತಿದೀನಿ ಕೇಳಿ: ಗಾಡಿಯಲ್ಲಿ ಬದುಕುವವನ ಶುಚಿತ್ವ ಅವನ ಸಂಸ್ಕಾರಕ್ಕಿಂತ ಮೊದಲು ಅವನಿಗೆ ಚರಂಡಿ ಎಷ್ಟು ದೂರ ಅನ್ನೋದರ ಮೇಲೆ ನಿಂತಿದೆ. ಆ ಜಾಲರಿ ಇಲ್ಲದಿದ್ದರೆ ನಾಲ್ಕನೇ ದಿನಕ್ಕೆ ನಾನೂ ಗಲೀಜೇ.

ಇನ್ನು ಅಲ್ಲಿಯವರನ್ನೇ ಬೈದು ಕೂರುವ ಯೋಗ್ಯತೆಯೂ ನನಗಿಲ್ಲ. ಬೆಂಗಳೂರಿನಲ್ಲಿದ್ದಾಗ ನಮ್ಮ ಅಪಾರ್ಟ್‌ಮೆಂಟ್ ಪಕ್ಕದ ಖಾಲಿ ಸೈಟಿನಲ್ಲಿ ಒಂದು ರಾತ್ರಿ ನೀಲಿ ಟಾರ್ಪಾಲಿನ ನಾಲ್ಕು ಗುಡಾರ ಎದ್ದವು. ಹಕ್ಕಿಪಿಕ್ಕಿಗಳೋ, ಇನ್ನಾರೋ, ಯಾರೂ ಹೋಗಿ ಕೇಳಲಿಲ್ಲ. ವಾಟ್ಸಾಪ್ ಗ್ರೂಪಿನಲ್ಲಿ ಐದೇ ನಿಮಿಷಕ್ಕೆ "ಸೆಕ್ಯುರಿಟಿ ಇಶ್ಯೂ, ಪೊಲೀಸರಿಗೆ ಹೇಳಿ" ಅಂತ ಬಂತು. ಹೆಬ್ಬೆರಳು ಎತ್ತಿದವರಲ್ಲಿ ನಾನೂ ಒಬ್ಬ. ಮಧ್ಯಾಹ್ನಕ್ಕೆ ಸೈಟು ಖಾಲಿ. 1871ರಲ್ಲಿ ಬ್ರಿಟಿಷರು ಇಡೀ ಇಡೀ ಸಮುದಾಯಗಳನ್ನು ಹುಟ್ಟಾ ಅಪರಾಧಿಗಳೆಂದು ಪಟ್ಟಿ ಮಾಡುವ ಕಾಯ್ದೆ ತಂದರು, 1952ರಲ್ಲಿ ನಾವು ಅದನ್ನು ತೆಗೆದೆವು. ಕಾಗದದ ಮೇಲೆ.

ಸ್ಪೇನಿನಲ್ಲಿ ಒಂದು ಮಜವಾದ ನಿಯಮ ಕಲಿತೆ. ಮೋಟರ್‌ಹೋಮಿನ ಚಕ್ರ ಮಾತ್ರ ನೆಲ ಮುಟ್ಟಿದ್ದರೆ ಅದು ಬರೀ ಪಾರ್ಕಿಂಗ್. ನೆರಳಿಗೆ ಪರದೆ ಬಿಚ್ಚಿ ಹೊರಗೆ ಕುರ್ಚಿ ಹಾಕಿದರೆ ಅದು ಬಿಡಾರ ಹೂಡಿದ ಹಾಗೆ, ದಂಡ ಬೀಳಬಹುದು. ಒಳಗೆ ಮಲಗಿದ್ದೀರೋ ಎದ್ದಿದ್ದೀರೋ ಅದು ಲೆಕ್ಕಕ್ಕಿಲ್ಲ. ಎಷ್ಟು ಸಭ್ಯ ನಿಯಮ! ಇದೇ ದೇಶದಲ್ಲಿ 1499ರಲ್ಲಿ ರಾಜಾಜ್ಞೆ ಹೊರಟಿತ್ತು, ಅಲೆಯುವ ಹಿತಾನೋಗಳು ಅರವತ್ತು ದಿನದೊಳಗೆ ಒಂದು ಕಡೆ ನೆಲೆ ನಿಲ್ಲಬೇಕು, ಇಲ್ಲವೇ ದೇಶ ಬಿಡಬೇಕು. 1749ರ ಜುಲೈನಲ್ಲಿ ದೇಶದ ತುಂಬ ಏಕಕಾಲಕ್ಕೆ ಅವರನ್ನು ಸೆರೆಹಿಡಿದರು, ಗಂಡಸರನ್ನು ಹೆಂಗಸರಿಂದ ಬೇರೆ ಮಾಡಿ. ಲಾಗ್ವಾರ್ದಿಯಾದ ಕೋಟೆಗೋಡೆಯ ಮೇಲೆ ನಿಂತು ಕೆಂಪು ತಿರುಗಿದ ದ್ರಾಕ್ಷಿ ತೋಟ ನೋಡುವಾಗ ಇದನ್ನೆಲ್ಲ ಯಾಕೆ ನೆನಪು ಮಾಡ್ಕೋತೀಯ ಅಂತ ಇವಳೇ ಬೈದಳು. ನಿಜ. ಆ ಸಂಜೆ ತೋಟ ಬೆಂಕಿ ಹೊತ್ತಿದ ಹಾಗೆ ಕಾಣುತ್ತಿತ್ತು. ಒಂದು ಗಂಟೆ ಸುಮ್ಮನೆ ನಿಂತು ನೋಡಿದೆವು.

ವಾಪಸ್ ಬರುವಾಗ ಗಾಡಿಯಲ್ಲಿ ಜ್ಯಾಂಗೋ ರೈನ್‌ಹಾರ್ಟ್‌ನ ಗಿಟಾರ್. ವ್ಯಾನ್ ವಿಡಿಯೋಗಳ ಹಿನ್ನೆಲೆಗೆ ಹಾಕುತ್ತಾರಲ್ಲ, ಆ ಜಾತಿಯ ಸಂಗೀತದ ಮೂಲಪುರುಷ. ಮಾನೂಷ್. 1910ರಲ್ಲಿ ಬೆಲ್ಜಿಯಂನ ಲಿಬರ್ಶಿ ಹಳ್ಳಿಯಲ್ಲಿ ಬಿಡಾರ ಹೂಡಿದ್ದಾಗ ಹುಟ್ಟಿದವನು. 1928ರಲ್ಲಿ ಪ್ಯಾರಿಸ್ ಹೊರಗೆ ಅವನ ಗಾಡಿಮನೆಗೆ ಬೆಂಕಿ ಬಿದ್ದು ಎಡಗೈಯ ಎರಡು ಬೆರಳು ಸೆಟೆದುಕೊಂಡವು, ಉಳಿದವುಗಳಲ್ಲಿ ನುಡಿಸಿದ್ದನ್ನೇ ನಾವು ಕೇಳ್ತಿರೋದು. ಅವರ ಸಂಗೀತ ಬೇಕು, ಅವರ ಹಾಗೆ ಗಾಡಿಯಲ್ಲಿ ತಿರುಗುವ ಶೋಕಿ ಬೇಕು, ಸರ್ಜಾಪುರದ ಫ್ಲ್ಯಾಟ್ ಮಾರಿಯಾದರೂ ಬೇಕು. ಅವರು ಪಕ್ಕದಲ್ಲಿ ನಿಲ್ಲೋದು ಬೇಡ.

ಮೊನ್ನೆ ಅದೇ ಎಕ್ಸೆಲ್ ಗೆಳೆಯ, ಮುಂದಿನ ಸೆಪ್ಟೆಂಬರ್‌ಗೆ ಹೊರಡ್ತಿದೀವಿ, ಒಳ್ಳೆ ಒಳ್ಳೆ ಜಾಗದ ಲೊಕೇಶನ್ ಕಳಿಸಿ ಅಂತ ಇವಳನ್ನು ಕೇಳಿದ. ಹದಿನಾಲ್ಕು ಕಳಿಸಿದಳು. ಹದಿನೈದನೆಯದಾಗಿ ಕಸದ ಯಾರ್ಡ್ ಹಿಂದಿನ ಬಯಲಿನದ್ದೂ ಕಳಿಸಿದಳು. ಅವನು ಮ್ಯಾಪ್ ತೆರೆದು ನೋಡಿರಬೇಕು. "ಇಲ್ಲೇನಿದೆ? ವ್ಯೂ ಇದೆಯಾ?" ಅಂತ ಕೇಳಿದ.

"ನೀರು ಸಿಗುತ್ತೆ" ಅಂತ ಬರೆದಳು.