ಮೊದಲು ತಡವಾದದ್ದು ಗಾಡಿಯಲ್ಲ

ಕೊಟ್ಟೂರು ಕಡೆಯ ಒಂದು ಹಳ್ಳಿ. ಶೇಂಗಾ ಮೂಟೆ ಹೊರುತ್ತಿದ್ದ ನಮ್ಮ ಕೇರಿಯ ಹಿರಿಯ ಚಹಾದಂಗಡಿ ಮುಂದೆ ಕುಸಿದು ಬಿದ್ದ. ಸುತ್ತ ಹತ್ತಿಪ್ಪತ್ತು ಮಂದಿ.

"ಯಾರ ಪೈಕಿ ಇವ?"

"ಕೇರಿಯವ."

"ಅವರ ಮಂದಿಗೆ ಹೇಳಿಕಳಿಸ್ರಿ."

ನಾನು ಓಡಿ ಬರುವಷ್ಟರಲ್ಲಿ ಉಸಿರು ನಿಂತಿತ್ತು. 108 ಆಮೇಲೆ ಬಂತು. ಊರೆಲ್ಲ ಒಂದೇ ಮಾತು: "ಗಾಡಿ ತಡ ಆತು ನೋಡ್ರಿ."

ಗಾಡಿ ತಡವಾಯಿತು, ನಿಜ. ಅದಕ್ಕೂ ಮೊದಲು ನಿಮ್ಮ ಕೈ ತಡವಾಯಿತು.

ಇದು ಬರೀ ನನ್ನ ಸಿಟ್ಟಲ್ಲ. ಗುಂಡಿಗೆ ನಿಂತರೆ ಐದಾರು ನಿಮಿಷದಲ್ಲಿ ಮಿದುಳು ಸಾಯತೊಡಗುತ್ತದೆ. ಕೆನಡಾದ ಒಂಟಾರಿಯೊದಲ್ಲಿ, ಬೇಗ ಶಾಕ್ ಕೊಡುವ ಏರ್ಪಾಡಿದ್ದ 17 ಊರುಗಳ ಆಂಬುಲೆನ್ಸಿಗೆ ಗಂಟಲ ನಳಿಗೆ, ನರಕ್ಕೆ ಕೊಡುವ ಔಷಧಿಗಳನ್ನೂ ಸೇರಿಸಿ ನೋಡಿದರು. 2004ರಲ್ಲಿ ಫಲಿತಾಂಶ ಬಂತು: ಗುಂಡಿಗೆ ನಿಂತವರು ಅದರಿಂದ ಹೆಚ್ಚು ಬದುಕಲಿಲ್ಲ. ಪಕ್ಕದವರು ಎದೆ ಒತ್ತಿದಲ್ಲಿ, ಶಾಕ್ ಬೇಗ ಸಿಕ್ಕಲ್ಲಿ ಬದುಕುವ ಸಾಧ್ಯತೆ ಹೆಚ್ಚಿತ್ತು. ಎದೆಯ ನಡುವೆ ಅಂಗೈ ಮೇಲೆ ಅಂಗೈ ಇಟ್ಟು ನಿಮಿಷಕ್ಕೆ 100ರಿಂದ 120 ಸಲ, ಐದು ಸೆಂಟಿಮೀಟರ್ ಇಳಿಯುವಂತೆ ಒತ್ತಬೇಕು. ಡಿಗ್ರಿ ಬೇಡ. ಮುಟ್ಟಬೇಕು, ಅಷ್ಟೇ.

ಆ 'ಅಷ್ಟೇ'ಯಲ್ಲೇ ನಮ್ಮ ಸೀಮೆಯ ರೋಗ ಇದೆ. ನಮ್ಮ ಬೆನ್ನಿಗೆ ಮೂಟೆ ಹೇರುವಾಗ ಇಲ್ಲದ ಮೈಲಿಗೆ ಎದೆ ಒತ್ತುವಾಗ ಎಲ್ಲಿಂದ ಬಂತು? ಸಂವಿಧಾನದ 17ನೇ ವಿಧಿ 1950ರಿಂದ ಇದೆ. ಚಹಾದಂಗಡಿವರೆಗೆ ಅದಿನ್ನೂ ನಡೆದು ಬಂದಿಲ್ಲ.

ಅಮೆರಿಕದ ಪಿಟ್ಸ್‌ಬರ್ಗ್‌ನ ಕರಿಯರ ಕೇರಿಗೂ ಒಂದು ಕಾಲಕ್ಕೆ ತರಬೇತಿಯಿಲ್ಲದ ಪೊಲೀಸರ ವ್ಯಾನೇ ಗತಿ. 1967ರಲ್ಲಿ 'ಫ್ರೀಡಂ ಹೌಸ್' ಹುಟ್ಟಿತು. ಕೆಲಸಕ್ಕೆ ಬಾರದವರು ಅನ್ನಿಸಿಕೊಂಡಿದ್ದ ಕರಿಯ ಹುಡುಗರನ್ನು ಡಾ. ಪೀಟರ್ ಸಾಫರ್ ತರಬೇತಿಗೊಳಿಸಿದರು. ಇಂದಿನ ಆಂಬುಲೆನ್ಸ್ ವಿದ್ಯೆಗೆ ದಾರಿ ಹಾಕಿದವರಲ್ಲಿ ಅವರು ಮೊದಲಿಗರು. 1975ರಲ್ಲಿ ನಗರಾಡಳಿತ ತನ್ನದೇ ಸೇವೆ ತೆರೆದು ಅದನ್ನು ಮುಚ್ಚಿಸಿತು. ವಿದ್ಯೆ ಉಳಿಯಿತು, ಕಲಿಸಿದವರು ಬೀದಿಗೆ ಬಿದ್ದರು. ಈ ಕಥೆ ನಮಗೆ ಗೊತ್ತಿಲ್ಲದ್ದೇನು?

ಹಂಗಂತ ಗಾಡಿ ಬೇಡ ಅಂತಲ್ಲ, ಅಧಿಕಾರಿಗಳೇ. 108 ಬಂದದ್ದು 2008ರಲ್ಲಿ. 2021ರಲ್ಲಿ ನಮ್ಮನ್ನು ವಿಜಯನಗರ ಜಿಲ್ಲೆಗೆ ಸೇರಿಸಿದಿರಿ. ಎದೆನೋವೆಂದರೆ ಹರಪನಹಳ್ಳಿಯವರು ದಾವಣಗೆರೆಗೆ, ಕೂಡ್ಲಿಗಿಯವರು ಬಳ್ಳಾರಿಗೆ ಓಡುವುದು ಮಾತ್ರ ನಿಂತಿಲ್ಲ. ಗಾಡಿ ಹೆಚ್ಚಿಸಿರಿ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಪ್ರತಿ ಕೇರಿಗೆ ಈ ವಿದ್ಯೆ ಕಲಿಸಿರಿ. ಗಾಡಿಯಲ್ಲಿ ನಮ್ಮ ಹುಡುಗ ಹುಡುಗಿಯರಿಗೆ ಚಿಕಿತ್ಸೆಯ ಕೆಲಸ ಕೊಡಿರಿ. ರಕ್ತ ತೊಳೆಯುವ ಕೆಲಸ ಮಾಡಿ ಸಾಕಾಗಿದೆ.

ಊರಿನ ಹಿರಿಯರೇ, ನಾಳೆ ನೀವು ಬಿದ್ದರೆ ನಮ್ಮ ಹುಡುಗರು ಯಾರ ಪೈಕಿ ಅಂತ ಕೇಳುವುದಿಲ್ಲ. ಎದೆ ಒತ್ತುತ್ತಾರೆ. ಎದ್ದು ಕೂತ ಮೇಲೆ ಮೈಲಿಗೆ ಆತು ಅನ್ನಿಸಿದರೆ ಸ್ನಾನ ಮಾಡ್ರಿ. ಮಾಡೋಕೆ ಬದುಕಿರ್ತೀರಲ್ಲ.